ಮಗ್ಗದ ಹಿಂದಿನ ಕೋಣೆ

ಎರಡನೆಯ ಹೆರಿಗೆ ಮನೆಯಲ್ಲೇ ಆಗಬೇಕು ಎಂಬ ಆಸೆ ನನ್ನದೇ ಆಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತೆ ಒತ್ತಾಯ ಮಾಡಲಿಲ್ಲ, ಗಂಡನೂ ಮಾಡಲಿಲ್ಲ. ನಾನೇ ಬಾಯಿಬಿಟ್ಟು ಕೇಳಿದೆ, ಅವರು ಹೂಂ ಅಂದರು.

ಮೊದಲ ಮಗಳು ಹುಟ್ಟಿದ್ದು ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ. ನನ್ನ ತವರು ಹುನ್ನೂರ. ಚೊಚ್ಚಲ ಹೆರಿಗೆ ತವರಿನದು ಎಂದು ಅವ್ವ ಅಲ್ಲಿಗೆ ಸೇರಿಸಿದ್ದಳು. ಕಾಲುಗಳನ್ನು ಪಟ್ಟಿಯಿಂದ ಕಟ್ಟಿ, ಬಾಗಿಲು ತೆರೆದೇ ಇಟ್ಟು ಮಲಗಿಸಿದ್ದರು. ಕಸ ಗುಡಿಸುವವನು ಬಂದು ಗುಡಿಸಿ ಹೋದ. ನೋವು ತಾಳದೆ ಕೂಗಿದಾಗ ನರ್ಸ್ ತೊಡೆಯ ಮೇಲೆ ಛಟ್ಟನೆ ಹೊಡೆದು, "ಗಂಡನ ಜೋಡಿ ಮಲಗುವಾಗ ಹಿಂಗ ಒದರಿದ್ದೇನ? ಮುಚ್ಚು ಬಾಯಿ" ಅಂದಳು. ಪಕ್ಕದಲ್ಲಿ ಹತ್ತಿ ಮಡಚುತ್ತಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಹೇಳದೆ ಕೇಳದೆ ಕತ್ತರಿ ಆಡಿಸಿದರು. ಹೊಲಿಗೆ ಹಾಕುವಾಗ ಡಾಕ್ಟರು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರದೋ ಮದುವೆ ಊಟದ ಸುದ್ದಿ ಮಾತಾಡುತ್ತಿದ್ದರು. ಆಮೇಲೆ ಎಷ್ಟೋ ದಿನ ನಾನು ಒಂದು ಮಗ್ಗುಲಿಗೇ ಕೂತು ಉಂಡೆ.

ಹಾಗಾಗಿ ಮತ್ತೆ ದಿನ ನಿಂತು ಬಸಿರಾದಾಗ, ಬನಹಟ್ಟಿಯ ನಮ್ಮ ಮನೆಯಲ್ಲಿ ಅತ್ತೆಯ ಜೊತೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಅತ್ತಿ, ಈ ಸಲ ಮನ್ಯಾಗ ಹಡಿತೀನ್ರಿ. ಚಿಮ್ಮಡದಾಗ ಒಬ್ಬಾಕಿ ಸೂಲಗಿತ್ತಿ ಅದಾಳಂತ. ಮೊದಲ ದೊಡ್ಡ ದವಾಖಾನ್ಯಾಗ ಇದ್ದಾಕಿ."

ಬೈಯುತ್ತಾಳೆ ಅಂದುಕೊಂಡಿದ್ದೆ. ಅತ್ತೆಯ ದನಿ ಎಂದೂ ಏರುತ್ತಿರಲಿಲ್ಲ. ಮನೆಯಲ್ಲಿ ಪವರ್‌ಲೂಮು ಹಗಲೆಲ್ಲ ಧಡಧಡ ಅನ್ನುತ್ತಿದ್ದರೂ ಆಕೆ ಮೆಲ್ಲಗೇ ಮಾತಾಡುತ್ತಿದ್ದಳು. ಕೇಳಬೇಕಾದವರೇ ಹತ್ತಿರ ಬಾಗಬೇಕು. ಆವತ್ತೂ ಬಾಗಿದೆ.

"ಛಲೋ ಆತು ತಗೊ," ಅಂದಳು. "ಮಗ್ಗದ ಹಿಂದಿನ ಕ್ವಾಣಿ ಖಾಲಿ ಮಾಡಸ್ತೀನಿ. ಮಗ್ಗ ಚಾಲೂ ಇಟ್ರ ನೀ ಎಷ್ಟ ಒದರಿದ್ರೂ ಹೊರಗ ಕೇಳಂಗಿಲ್ಲ."

ನನ್ನ ಮಾನಕ್ಕಾಗಿ ಹೇಳಿದಳು ಅಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಕಾಲಿಗೆ ಬೀಳಬೇಕು ಅನ್ನಿಸಿತು.

ಸೂಲಗಿತ್ತಿ ಸ್ಕೂಟಿ ಮೇಲೆ ಬಂದಳು. ನಡುವಯಸ್ಸಿನ, ಗಟ್ಟಿ ಮೈಕಟ್ಟಿನ ಹೆಂಗಸು. ಕೈ ತೊಳೆದುಕೊಂಡು, ಒರೆಸಿಕೊಂಡು, ಅಂಗೈ ಉಜ್ಜಿ ಬಿಸಿ ಮಾಡಿಕೊಂಡ ಮೇಲೆಯೇ ನನ್ನ ಹೊಟ್ಟೆ ಮುಟ್ಟಿದಳು. ದವಾಖಾನೆಯಲ್ಲಿ ಯಾರೂ ಹಾಗೆ ಮುಟ್ಟಿರಲಿಲ್ಲ. ಬಿ.ಪಿ. ನೋಡಿದಳು, ಒಂದು ಸ್ಕ್ಯಾನಿಂಗ್ ಮಾಡಿಸಿಕೊಂಡು ಬಾ ಅಂದಳು, ಹೆರಿಗೆಯ ದಿನ ಒಂದು ಗಾಡಿ ಬಾಗಿಲಲ್ಲೇ ನಿಂತಿರಬೇಕು ಎಂದು ಗಂಡನಿಗೆ ತಾಕೀತು ಮಾಡಿದಳು. "ಬ್ಯಾನಿ ಬಂದ್ರ ಮಲಗಬೇಡ. ಗ್ವಾಡಿ ಹಿಡಕೊಂಡು ನಿಲ್ಲು, ಅಡ್ಡಾಡು, ಕುಕ್ಕರಗಾಲಿಲೆ ಕುಂದ್ರು. ನಿನಗ ಹೆಂಗ ಬೇಕು ಹಂಗ" ಅಂದಳು. ನಿನಗೆ ಹೇಗೆ ಬೇಕೋ ಹಾಗೆ! ಆ ಮಾತನ್ನು ನಾನು ವಾರಗಟ್ಟಲೆ ಮನಸ್ಸಿನಲ್ಲಿ ಚಪ್ಪರಿಸಿದೆ.

ಮಗ್ಗದ ಹಿಂದಿನ ಕೋಣೆಯಿಂದ ನೂಲಿನ ಮೂಟೆಗಳನ್ನು ತೆಗೆಸಿದೆವು. ನಾನೇ ಸುಣ್ಣ ಹೊಡೆದೆ. ಹಳೆಯ ನೂಲಿನ ಸೀರೆಗಳನ್ನು ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಒಣಗಿಸಿ, ಮಡಚಿ ಟ್ರಂಕಿನಲ್ಲಿಟ್ಟೆ. ಕಿಟಕಿಗೆ ಪರದೆ ಹೊಲಿದೆ. ಇಡೀ ಮನೆಯಲ್ಲಿ ಅದೊಂದೇ ಕೋಣೆ ನನ್ನದು ಅನ್ನಿಸುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅಲ್ಲಿ ಹೋಗಿ ಸುಮ್ಮನೆ ಕೂರುತ್ತಿದ್ದೆ. ಮಗಳು ಗೋಡೆಗೆ ಬೆರಳು ಉಜ್ಜಿ ಸುಣ್ಣ ಮೆತ್ತಿಕೊಂಡು ಆಡುತ್ತಿದ್ದಳು.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂತೋಷದ ಸುದ್ದಿ. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಬೀಳಗಿ ಕಡೆಯವಳು. ಮದುವೆಯಾಗಿ ಎಷ್ಟೋ ವರ್ಷವಾದರೂ ಮಕ್ಕಳಾಗಿರಲಿಲ್ಲ. ಆಕೆಗೂ ದಿನ ನಿಂತಿದೆ ಎಂದು ಅತ್ತೆ ಓಣಿಯಲ್ಲೆಲ್ಲ ಸಕ್ಕರೆ ಹಂಚಿದಳು. ಆಶಾ ಕಾರ್ಯಕರ್ತೆ ವಿಚಾರಿಸಲು ಬಂದರೆ, "ಆಕಿದು ಎಲ್ಲಾ ಬೀಳಗ್ಯಾಗ ತೋರ್ಸಾಕತ್ತೀವಿ" ಎಂದು ಹೊಸ್ತಿಲಲ್ಲೇ ಕಳಿಸಿದಳು. ನೆಗೆಣ್ಣಿ ಹೊರಗೆ ಬರುವುದನ್ನು ಬಿಟ್ಟಳು. ಬಹಳ ನಾಜೂಕಿನ ಬಸಿರು, ಯಾರ ದೃಷ್ಟಿಯೂ ತಾಗಬಾರದು ಎಂದರು. ಸೂಲಗಿತ್ತಿ ಬಂದಾಗ ಆಕೆಯ ಕೋಣೆಗೂ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಎರಡು ತೊಟ್ಟಿಲು ಎಂದು ನಾನು ಖುಷಿಪಟ್ಟೆ. ಆಕೆ ಮಾತ್ರ ನನ್ನ ಜೊತೆ ಮಾತೇ ಆಡುತ್ತಿರಲಿಲ್ಲ.

ಒಂದು ದಿನ ಕರೆಂಟು ಹೋಯಿತು. ಮಗ್ಗಗಳು ನಿಂತಾಗ ನಮ್ಮ ಓಣಿಯಲ್ಲಿ ಕಿವಿ ಕೆಟ್ಟಹಾಗೆ ಆಗುತ್ತದೆ. ಆ ನಿಶ್ಶಬ್ದದಲ್ಲಿ ಬಚ್ಚಲುಮನೆಯಿಂದ ಧೊಪ್ಪೆಂದು ಬಿದ್ದ ಸದ್ದು ಕೇಳಿತು. ಓಡಿದೆ. ನೆಗೆಣ್ಣಿ ಕಲ್ಲಿನ ಮೇಲೆ ಬೋರಲು ಬಿದ್ದಿದ್ದಳು. "ಅಯ್ಯೋ ಅಕ್ಕಾ, ಹೊಟ್ಟಿ!" ಎಂದು ಚೀರಿ ಎಬ್ಬಿಸಲು ಹೋದೆ. ಸೀರೆ ಸರಿದು ಹೊಟ್ಟೆ ಒಂದು ಬದಿಗೆ ಜಾರಿತ್ತು. ಮಡಚಿ ಹೊಲಿದ ಹಳೆಯ ಬಟ್ಟೆ, ನಾಲ್ಕೂ ಮೂಲೆಗೆ ಲಾಡಿ. ಒಂದು ಲಾಡಿ ಕಿತ್ತು ಜೋತಾಡುತ್ತಿತ್ತು.

ಆಕೆ ಎದ್ದು ಕೂತಳು. ಮಂಡಿಯಿಂದ ರಕ್ತ ಬರುತ್ತಿತ್ತು. ಅಳಲಿಲ್ಲ, ಮುಚ್ಚಿಕೊಳ್ಳಲಿಲ್ಲ. ಬಟ್ಟೆಯನ್ನು ಎರಡೂ ಕೈಯಿಂದ ಹೊಟ್ಟೆಯ ನಡುವಿಗೆ ತಂದು ಒತ್ತಿ ಹಿಡಿದು, ಬೆನ್ನು ನನ್ನ ಕಡೆ ತಿರುಗಿಸಿದಳು.

"ಏನ್ ನೋಡಾಕತ್ತಿ? ಹಿಂದ ಕೈ ನಿಲಕಂಗಿಲ್ಲ. ಗಂಟು ಹಾಕು."

ನಾನು ಗಂಟು ಹಾಕಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

"ಬಿಗೀಲೆ ಹಾಕು," ಅಂದಳು. "ಯಾರ ಕೂಸು ಅಂತ ಇನ್ನಾ ತಿಳಿವಲ್ದೇನ ನಿನಗ?"

ತಿಳಿಯಿತು. ಹೊಟ್ಟೆಯೊಳಗಿನ ಕೂಸು ಅದೇ ಕ್ಷಣಕ್ಕೆ ಒದ್ದಿತು. ಗಂಟು ಬಿಗಿದು ನೇರ ಅಡುಗೆಮನೆಗೆ ಹೋದೆ.

ಅತ್ತೆ ಅಡುಗೆಮನೆಯಲ್ಲಿ ನನಗಾಗಿ ಅಂಟಿನ ಉಂಡೆ ಕಟ್ಟುತ್ತಿದ್ದಳು. ಕೇಳಿದಾಗ ಕೈ ನಿಲ್ಲಿಸಲಿಲ್ಲ. ಎಲ್ಲವನ್ನೂ ಹೇಳಿದಳು, ಅಕ್ಕಿ ಆರಿಸಿದಷ್ಟು ತಾಳ್ಮೆಯಿಂದ. ಗಂಡು ಹುಟ್ಟಿದರೆ ಹಿರಿಯ ಸೊಸೆಯದು. ನನ್ನದು ಸತ್ತು ಹುಟ್ಟಿತು ಎಂದು ಮಂದಿಗೆ ಹೇಳುವುದು. ಹೆಣ್ಣು ಹುಟ್ಟಿದರೆ ನನ್ನದೇ. ಆಗ ಸತ್ತು ಹುಟ್ಟಿದ್ದು ಹಿರಿಯ ಸೊಸೆಗೆ. ಹೇಗಾದರೂ ಒಂದು ಬಟ್ಟೆಯ ಗಂಟನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡುವುದು. ಜಾಗವನ್ನೂ ಭಾವ ನೋಡಿ ಬಂದಿದ್ದ.

"ದವಾಖಾನ್ಯಾಗ ಆಗಿದ್ರ ಇದು ಸಾಧ್ಯ ಇದ್ದಿಲ್ಲ," ಅಂದಳು. "ದೇವರಽ ನಿನ್ನ ಬಾಯಿಲೆ ಮನ್ಯಾಗ ಹಡಿತೀನಿ ಅಂತ ಅನಿಸಿದ."

"ನನ್ನ ಒಂದು ಮಾತು ಕೇಳಬೇಕಿತ್ತಲ್ಲರಿ."

"ಕೇಳಿದ್ರ ನೀ ಹೂಂ ಅಂತಿದ್ದೇನ? ಇಲ್ಲಲಾ. ಮತ್ತ ಕೇಳಿ ಏನ್ ಮಾಡೂದು? ತಗೊ, ಉಂಡಿ ತಿನ್ನು. ಕೂಸಿಗೆ ಶಕ್ತಿ ಬರಲಿ."

ಸಂಜೆ ಗಂಡನನ್ನು ಹಿಡಿದು ಕೇಳಿದೆ. ಅವನು ಮಗ್ಗದ ಎಣ್ಣೆ ಒರೆಸಿಕೊಳ್ಳುತ್ತ ನೆಲ ನೋಡಿದ. "ಅಣ್ಣಗ ಇಲ್ಲಾ ಅಂತ ಹೆಂಗ ಅನ್ನಲಿ? ಒಂದಽ ಮನಿ. ದಿನಾ ಕಣ್ಣಮುಂದ ಇರತೈತಿ. ನೀ ಎತಗೋ, ಆಡಸು, ಯಾರ ಬ್ಯಾಡ ಅಂತಾರ?"

"ಅವ್ವಾ ಅಂತ ಯಾರಿಗೆ ಅನ್ನತೈತಿ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.

ಉಳಿದವಳು ಸೂಲಗಿತ್ತಿ. ಮುಂದಿನ ಸಲ ಬಂದಾಗ ಸುಣ್ಣ ಹೊಡೆದ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದೆ. ಆಕೆಗೆ ಖರೇನೇ ಆಶ್ಚರ್ಯವಾಯಿತು. "ನೀನಽ ಒಪ್ಪೀದಿ ಅಂದಿದ್ರಲ್ಲ ನಿಮ್ಮತ್ತಿ!"

"ನಾ ಒಪ್ಪಿಲ್ಲರಿ. ಈಗ ಹೇಳಾಕತ್ತೀನಿ. ಕೂಸು ಹುಟ್ಟಿದ ಕೂಡಲೆ ನನ್ನ ಎದಿ ಮ್ಯಾಲ ಹಾಕರಿ. ಅಷ್ಟಽ ಸಾಕು."

ಆಕೆ ಬಿ.ಪಿ. ಪಟ್ಟಿಯನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟಳು. "ನೋಡವ್ವಾ, ನಾ ಬರೂದು ಕೂಸು ಹಿಡಿಯಾಕ. ಮನಿ ಒಳಗಿನ ಜಗಳ ಹಿಡಿಯಾಕಲ್ಲ. ಯಾರು ಕರದಾರೋ ಅವರ ಕೈಯಾಗ ಕೊಟ್ಟು ಹೋಗ್ತೀನಿ."

"ನಿಮ್ಮನ್ನ ಕರೀರಿ ಅಂದಾಕಿ ನಾನರೀ!"

"ಅಂದಾಕಿ ನೀನು. ಕರದಾಕಿ ನಿಮ್ಮತ್ತಿ." ಅಂಗೈ ಉಜ್ಜಿ ಬಿಸಿ ಮಾಡಿಕೊಂಡಳು. "ಮಲ್ಕೊ, ಹೊಟ್ಟಿ ನೋಡ್ತೀನಿ."

ಮಲಗಿದೆ. ಮೊದಲಿನಷ್ಟೇ ಮೆತ್ತಗೆ ಮುಟ್ಟಿದಳು. ಕೂಸು ಸರಿಯಾಗಿ ಬೆಳೆಯುತ್ತಿದೆ, ಎಲ್ಲ ಛಲೋ ಐತಿ ಅಂದಳು.

ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ ಮಾಡಿದರು. ಚೊಚ್ಚಲಿಗಷ್ಟೇ ಮಾಡುವ ಕಾರ್ಯ, ಹಾಗಾಗಿ ನನಗಿಲ್ಲ, ನೆಗೆಣ್ಣಿಗೆ. ಬೀಳಗಿಯಿಂದ ಆಕೆಯ ಅವ್ವ ಬುತ್ತಿ ಕಟ್ಟಿಕೊಂಡು ಬಂದಳು. ನೆಗೆಣ್ಣಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿದರು. ಆರತಿ ತಟ್ಟೆಯನ್ನು ಅತ್ತೆ ನನ್ನ ಕೈಯಲ್ಲಿ ಕೊಟ್ಟಳು. ಉಬ್ಬಿದ ಹೊಟ್ಟೆ ಹೊತ್ತು ನಾನು ಬಟ್ಟೆಯ ಹೊಟ್ಟೆಗೆ ಆರತಿ ಎತ್ತಿದೆ. ಓಣಿಯ ಹೆಂಗಸರು ಹಾಡು ಹೇಳಿದರು. "ಹಿರೇಸೊಸಿ ಹೊಟ್ಟಿ ನೋಡ್ರಿ, ಎಷ್ಟ ಚೂಪ್ ಐತಿ, ಗಂಡಽ ಅದು" ಎಂದು ಒಬ್ಬಾಕೆ ಅಂದಾಗ ಅತ್ತೆ ನಕ್ಕಳು. ನೆಗೆಣ್ಣಿಯ ಅವ್ವ ಮಗಳ ಬಾಯಿಗೆ ಹೋಳಿಗೆ ತುರುಕುತ್ತ ಅಳುತ್ತಿದ್ದಳು. ಸಂತೋಷಕ್ಕೆ ಅಳುತ್ತಾಳೆ ಎಂದು ಎಲ್ಲರಿಗೂ ಅನ್ನಿಸಿತು. ಮಣೆಯ ಮೇಲಿದ್ದವಳು ಮಾತ್ರ ನನ್ನ ಹೊಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಅಂಗಡಿಯಲ್ಲಿ ತೂಕಕ್ಕಿಟ್ಟ ಸಾಮಾನನ್ನು ನೋಡುವ ಹಾಗೆ.

ಹುನ್ನೂರಿಗೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು. ಉಳಿಸಿಕೊಳ್ಳುತ್ತಾಳೆ ಅಂದುಕೊಂಡೆ.

"ಕೊಟ್ಟಬಿಡು," ಅಂದಳು. "ನಿನಗೇನ ವಯಸ್ಸಾಗೇತಿ? ಮತ್ತ ಹಡದೀಯಂತ. ಬಂಜಿ ಹೊಟ್ಟಿ ತಂಪಾದ್ರ ನಿನಗೂ ಪುಣ್ಯ. ಮನಿ ಮುರದು ಇಲ್ಲಿ ಬಂದ್ರ ನಿನ್ನ ತಮ್ಮನ ಹೆಂಡತಿ ಒಂದ ತಿಂಗಳ ಇಟ್ಟಾಳು, ಆಮ್ಯಾಲ?"

ಊಟ ಮಾಡಿಸಿ, ಕುಂಕುಮ ಹಚ್ಚಿ, ಸಂಜೆಯೊಳಗೆ ಬಸ್ಸಿಗೆ ಹತ್ತಿಸಿದಳು.

ಆಮೇಲೆ ನಾನು ಯಾರನ್ನೂ ಏನೂ ಕೇಳಲಿಲ್ಲ. ಕೋಣೆಯಲ್ಲಿ ಕೂರುವುದನ್ನು ಬಿಟ್ಟೆ. ಅತ್ತೆ ಕೊಟ್ಟ ಉಂಡೆ ತಿಂದೆ, ಹಾಲು ಕುಡಿದೆ, ಹೂಂ ಅಂದೆ. ಸೊಸೆ ದಾರಿಗೆ ಬಂದಳು ಎಂದು ಆಕೆಗೆ ಸಮಾಧಾನವಾಯಿತು. ಸರಕಾರಿ ದವಾಖಾನೆ ನಮ್ಮ ಊರಲ್ಲೂ ಇತ್ತು, ಆದರೆ ಅಲ್ಲಿ ಭಾವನಿಗೆ ಎಲ್ಲರೂ ಗುರುತು. ಜಮಖಂಡಿಗೇ ಹೋಗಬೇಕು ಎಂದು ನಿಶ್ಚಯ ಮಾಡಿದೆ. ಯಾವ ಊರಿನ ಹಾಸಿಗೆಯನ್ನು ನೆನೆದರೆ ಮೈ ಬೆವರುತ್ತಿತ್ತೋ ಅದೇ ಊರಿಗೆ.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ರೊಟ್ಟಿ ಬಡಿಯುವಾಗ. ಹಲ್ಲು ಕಚ್ಚಿ ರೊಟ್ಟಿ ಮುಗಿಸಿದೆ. ಅತ್ತೆ ಪೂಜೆಗೆ ಕೂತ ಮೇಲೆ ಮಗಳ ಕೈ ಹಿಡಿದು, ಹುಡುಗಿಗೆ ಜ್ವರದ ಔಷಧಿ ತರುತ್ತೇನೆ ಎಂದು ಹೊರಟೆ. ನೆಗೆಣ್ಣಿ ತನ್ನ ಕೋಣೆಯ ಕಿಟಕಿಯಲ್ಲಿ ನಿಂತಿದ್ದಳು. ಹೊಸ್ತಿಲು ದಾಟುವಾಗ ನೋವು ಬಂದು ನಾನು ಬಾಗಿಲ ಚೌಕಟ್ಟು ಹಿಡಿದದ್ದನ್ನು ನೋಡಿದಳು. ಕೂಗಿ ಕರೆದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕರೆದಳೋ ಏನೋ. ಮಗ್ಗಗಳು ನಡೆಯುತ್ತಿದ್ದವು.

ಕಬ್ಬಿನ ಹಂಗಾಮು. ದಾರಿಯಲ್ಲಿ ಒಂದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಮಗುಚಿ, ಕಬ್ಬೆಲ್ಲ ರಸ್ತೆಗೆ ಬಿದ್ದು ಬಸ್ಸು ನಿಂತುಬಿಟ್ಟಿತು. ನಾನು ಮುಂದಿನ ಸೀಟಿನ ಕಂಬಿ ಹಿಡಿದು ನರಳಿದಾಗ ಕಂಡಕ್ಟರನಿಗೆ ಗೊತ್ತಾಯಿತು. "ಏ ಯವ್ವಾ, ಬಸ್ಸಿನ್ಯಾಗ ಹಡದಗಿಡದಿ! ನಮಗ ತ್ರಾಸ ಆಕೈತಿ, ಇಳೀ ನೀ" ಅಂದ. ಕೆಲವರು ಹೌದೌದು ಅಂದರು, ಬಟ್ಟೆ ಮೈಲಿಗೆಯಾಗುತ್ತದೆ ಎಂದು ಒಬ್ಬಾಕೆ ಕಾಲು ಮೇಲೆತ್ತಿ ಕೂತಳು. ನಾನು ಇಳಿಯಲಿಲ್ಲ. ಕಂಬಿಗೆ ಸೆರಗು ಸುತ್ತಿ ಕೈಯನ್ನು ಅದಕ್ಕೇ ಬಿಗಿದುಕೊಂಡೆ. ಮಗಳು ಅಳುತ್ತಿದ್ದಳು. ಅವಳಿಗೆ ಸುಮ್ಮನಿರು ಅಂತ ಹೇಳುವಷ್ಟೂ ಉಸಿರು ಇರಲಿಲ್ಲ.

ಜಮಖಂಡಿ ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಸರಕಾರಿ ದವಾಖಾನೆಗೆ ಹೋದೆ.

"ಜೋಡಿ ಯಾರ ಬಂದಾರ?" ನರ್ಸ್ ಕೇಳಿದಳು.

"ನನ್ನ ಮಗಳು."

ಆಕೆ ಕೆಳಗೆ ನೋಡಿದಳು. ಮಗಳು ಮೂಗು ಒರೆಸಿಕೊಂಡಳು. "ಹುಚ್ಚ ಹಿಡದೈತೇನ ನಿನಗ? ಗಂಡ ಎಲ್ಲಿ ಸತ್ತಾನ? ಇಷ್ಟ ಆಗೂತನಾ ಏನ್ ಮಾಡಾಕತ್ತಿದ್ದಿ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಒದರಿದಳು. ಕೈ ಹಿಡಿದು ಎಳೆದುಕೊಂಡು ಹೋಗಿ ಮಲಗಿಸಿದಳು. ಗೋಡೆ ಹಿಡಿದು ನಿಲ್ಲುತ್ತೇನೆ ಅಂದರೆ, "ಏ, ಸುಮ್ನ ಮಲ್ಕೊ" ಎಂದು ಭುಜಕ್ಕೆ ಗುದ್ದಿದಳು. ಈ ಸಲವೂ ಬಾಗಿಲು ತೆರೆದಿತ್ತು. ಈ ಸಲ ನನಗೆ ಅದು ಬೇಕಾಗಿತ್ತು. ನೋಡಲಿ, ಎಲ್ಲರೂ ನೋಡಲಿ, ಯಾರ ಹೊಟ್ಟೆಯಿಂದ ಬರುತ್ತಿದೆ ಎಂದು ಈ ಜಮಖಂಡಿಯ ಮಂದಿಯೆಲ್ಲ ನೋಡಲಿ ಎಂದು ಬಾಯಿ ಬಿಟ್ಟು ಚೀರಿದೆ. ಬೈಗುಳದ ಮೇಲೆ ಬೈಗುಳ ಬಂತು. ಗಂಡು ಹುಟ್ಟಿತು. ನರ್ಸ್ ಅದನ್ನು ಎತ್ತಿ ಹಿಡಿದು ನನ್ನ ಹೆಸರನ್ನು ಹೊರಗಿನವರೆಗೆ ಕೂಗಿ ಹೇಳಿದಳು.

ದವಾಖಾನೆಯವರು ಫೋನು ಮಾಡಿ ತಿಳಿಸಿದ್ದರಿಂದ ಸಂಜೆ ಅತ್ತೆಯೂ ಗಂಡನೂ ಬಂದರು. ಅತ್ತೆ ಕೂಸನ್ನು ಎತ್ತಿಕೊಂಡು ನೋಡಿದಳು, ತಿರುಗಿಸಿ ನೋಡಿದಳು, ನನ್ನ ಪಕ್ಕದಲ್ಲಿ ಮತ್ತೆ ಇಟ್ಟಳು. ಅಕ್ಕಪಕ್ಕದ ಹಾಸಿಗೆಯವರು ಕೇಳುತ್ತಿದ್ದರು, ಹಾಗಾಗಿ ನಗುತ್ತಲೇ ಬಾಗಿ ನನ್ನ ಕಿವಿಯಲ್ಲಿ ಅಂದಳು. "ಹಿರೇಸೊಸಿನ್ನ ಕೊಂದಿ ನೀ." ಗಂಡ ಮಗಳಿಗೆ ಬಿಸ್ಕಿಟು ಕೊಡಿಸಲು ಹೊರಗೆ ಹೋದ.

ನಾನು ಕೂಸಿನೊಂದಿಗೆ ಬನಹಟ್ಟಿಗೆ ಬರುವುದರೊಳಗೆ ಅವರು ಗಂಟನ್ನು ಮಣ್ಣು ಮಾಡಿ ಮುಗಿಸಿದ್ದರು. ನೆಗೆಣ್ಣಿ ಬಾಣಂತಿಯಂತೆ ತಲೆಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದಳು. ಓಣಿಯ ಹೆಂಗಸರು ನನ್ನ ಕೋಣೆಗೆ ಬಂದು ಕೂಸಿನ ಕೈಗೆ ಕಾಸು ಇಟ್ಟು, ಅಲ್ಲಿಂದ ಆಕೆಯ ಕೋಣೆಗೆ ಹೋಗಿ ಅಳುತ್ತಿದ್ದರು. ನಾನೂ ಹೋಗಬೇಕಾಯಿತು. ಮಂದಿಯ ಮುಂದೆ ಆಕೆ ನನ್ನ ಸೆರಗು ಹಿಡಿದು, "ನನ್ನ ಕೂಸು ಹೋತು ತಂಗಿ, ನೀ ಕೊಂದಿ, ನೀ ಕೊಂದಿ" ಎಂದು ಎದೆ ಬಡಿದುಕೊಂಡಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಎಲ್ಲರೂ ಆಕೆಯ ಬೆನ್ನು ಸವರಿದರು. ನನಗೆ ಎದೆಹಾಲು ಸೋರಿ ಕುಪ್ಪಸ ತೊಯ್ಯುತ್ತಿತ್ತು. ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬಂದು ಕೂಸಿಗೆ ಮೊಲೆ ಕೊಟ್ಟೆ.

ವರ್ಷ ಕಳೆಯುವುದರೊಳಗೆ ಭಾವನಿಗೆ ಲೋಕಾಪುರದಲ್ಲಿ ಇನ್ನೊಂದು ಹೆಣ್ಣು ನೋಡಿದರು. ಕೇಳಿದವರಿಗೆ ಅತ್ತೆ ಮೆಲ್ಲಗೆ ಹೇಳಿದಳು. "ಸತ್ತದ್ದು ಹಡಿಯೂ ಹೊಟ್ಟಿರಿ ಅದು, ಏನ್ ಮಾಡೂದು?" ತಾನೇ ಹೊಲಿದ ಹೊಟ್ಟೆಗೆ ತಾನೇ ಇಟ್ಟ ಹೆಸರು. ಎಲ್ಲರೂ ನಂಬಿದರು, ಹೆಣ್ಣಿನ ಕಡೆಯವರೂ ನಂಬಿದರು. ಭಾವನೂ ನಂಬಿದವನಂತೆ ತಲೆ ಆಡಿಸಿದ. ನೆಗೆಣ್ಣಿಯನ್ನು ಒಂದು ಪೆಟ್ಟಿಗೆಯ ಜೊತೆ ಬೀಳಗಿಯ ಬಸ್ಸಿಗೆ ಕೂರಿಸಿದವನು ನನ್ನ ಗಂಡ. ಆಮೇಲೆ ನಾವೂ ಬೇರೆಯಾಗಿ ರಬಕವಿಗೆ ಬಂದೆವು. ಗಂಡ ಬೇರೆಯವರ ಮಗ್ಗದಲ್ಲಿ ನೇಯುತ್ತಾನೆ. ಮಗನನ್ನು ಎತ್ತಿಕೊಂಡಾಗ ಒಮ್ಮೊಮ್ಮೆ ಬಾಯಿ ತೆರೆಯುತ್ತಾನೆ, ಏನೋ ಹೇಳಬೇಕೆಂದು. ನಾನು ಎದ್ದು ಒಳಗೆ ಹೋಗುತ್ತೇನೆ.

ಮಗ ಈಗ ಶಾಲೆಗೆ ಹೋಗುತ್ತಾನೆ. ಇತ್ತೀಚೆಗೆ ಒಂದು ಮದುವೆ ಮುಗಿಸಿಕೊಂಡು ಬರುವಾಗ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ನೆಗೆಣ್ಣಿ ಸಿಕ್ಕಳು. ಸೊರಗಿದ್ದಳು. ಯಾರದೋ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಳಂತೆ. ನಾನು ತಪ್ಪಿಸಿಕೊಳ್ಳಬೇಕು ಅನ್ನುವುದರೊಳಗೆ ಆಕೆಯೇ ಬಂದು ಬೆಂಚಿನ ಮೇಲೆ ಕೂತು ಮಗನನ್ನು ಹತ್ತಿರ ಕರೆದಳು. ಅವನ ಎತ್ತರವನ್ನು ಕಣ್ಣಲ್ಲೇ ಅಳೆದಳು. ತಲೆಗೂದಲು ಸರಿಮಾಡಿದಳು.

"ನಂದೂ ಇದ್ದಿದ್ರ ಇಷ್ಟಽ ಆಗಿರತಿತ್ತು," ಅಂದಳು. "ಇಬ್ರೂ ಒಂದಽ ವಾರದಾವ."

ಸುತ್ತ ಕೇಳುವವರು ಯಾರೂ ಇರಲಿಲ್ಲ. ನಾನು ಆಕೆಯ ಮುಖ ನೋಡಿದೆ, ಸುಳ್ಳಿನ ಗುರುತು ಹುಡುಕಿದೆ. ಇರಲಿಲ್ಲ.

"ಹೌದಕ್ಕಾ," ಅಂದೆ.

"ಗಂಡಽ ಇತ್ತದು," ಅಂದಳು ಆಕೆ. ಚೀಲದಿಂದ ಒಂದು ಪೇರಲಹಣ್ಣು ತೆಗೆದು ಮಗನ ಕೈಯಲ್ಲಿಟ್ಟಳು. ನಮ್ಮ ಬಸ್ಸು ಬಂತು. ಕಿಟಕಿಯ ಹತ್ತಿರ ಕೂತ ಮೇಲೆ ಮಗ ಹಣ್ಣನ್ನು ಬಾಯಿಗೆ ಹಾಕಲು ಹೋದ. ನಾನು ಕಿತ್ತುಕೊಂಡು ಹೊರಗೆ ಎಸೆದೆ. ಆಕೆ ಇನ್ನೂ ಅಲ್ಲೇ ನಿಂತಿದ್ದಳು, ನೋಡಿದಳು.